ಎಚ್‌ಪಿಎಲ್‌ಸಿ ಮೆಥಡ್ ಡೆವಲಪ್‌ಮೆಂಟ್: ಕಡಿಮೆ ಇಂಜೆಕ್ಷನ್‌ನಲ್ಲಿ ಗಟ್ಟಿ ಮೆಥಡ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಎಚ್‌ಪಿಎಲ್‌ಸಿ ಅಂದರೆ ಮಿಶ್ರಣದಲ್ಲಿರುವ ಅಣುಗಳನ್ನು ದ್ರವದ ಜೊತೆ ಒಂದು ಕಾಲಮ್ ಮೂಲಕ ಹರಿಸಿ ಬೇರ್ಪಡಿಸಿ ಅಳೆಯುವ ವಿಧಾನ. ಒಂದೊಂದು ಅಣು ಹೊರಬಂದಾಗ ಗ್ರಾಫ್‌ನಲ್ಲಿ ಒಂದು ಪೀಕ್ ಮೂಡುತ್ತದೆ. ಪೀಕ್‌ಗಳು ಬೇರೆಯಾಗುವ ಸ್ಥಿತಿಗಳನ್ನು ಹುಡುಕುವುದೇ ಮೆಥಡ್ ಡೆವಲಪ್‌ಮೆಂಟ್. ಬಹಳಷ್ಟು ಲ್ಯಾಬ್‌ಗಳಲ್ಲಿ ಅದು ನಡೆಯುವುದು ಹೀಗೆ. ಕೈಗೆ ಸಿಕ್ಕ ಸಿ18 ಕಾಲಮ್ (18 ಕಾರ್ಬನ್‌ನ ಸರಪಳಿ ಅಂಟಿಸಿದ ಸಿಲಿಕಾ ತುಂಬಿದ ಕೊಳವೆ) ಹಾಕು. ಬಫರ್ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ) ಮತ್ತು ಅಸಿಟೋನೈಟ್ರೈಲ್ 50:50 ಓಡಿಸು. ಎರಡು ಪೀಕ್ ಅಂಟಿಕೊಂಡಿವೆಯಾ, 55:45 ಮಾಡು. ಆಗಲಿಲ್ವಾ, ಫ್ಲೋ ಇಳಿಸು. ಇನ್ನೂ ಆಗಲಿಲ್ವಾ, ಕಾಲಮ್ ಬದಲಿಸು. ಎರಡು ವಾರದ ನಂತರ ಪೀಕ್‌ಗಳು ಹೇಗೋ ಬೇರೆಯಾಗುತ್ತವೆ. ಆದರೆ ಯಾಕೆ ಬೇರೆಯಾದವು ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಅಂಥ ಮೆಥಡ್ ಇನ್ನೊಂದು ಲ್ಯಾಬ್‌ಗೆ ಹೋದ ದಿನವೇ ಕೈಕೊಡುತ್ತದೆ.

ಇದಕ್ಕೆ ಬೇಕಾಗಿರುವುದು ಜಾಸ್ತಿ ಇಂಜೆಕ್ಷನ್ ಅಲ್ಲ, ಸರಿಯಾದ ಕ್ರಮ. ಮೊದಲು ಪೀಕ್‌ಗಳು ಕಾಲಮ್‌ನಲ್ಲಿ ತಕ್ಕಷ್ಟು ಹೊತ್ತು ನಿಲ್ಲಬೇಕು. ಆಮೇಲೆ ಒಂದರಿಂದ ಒಂದು ದೂರ ಸರಿಯಬೇಕು. ಪೀಕ್ ತೆಳುವಾಗಿಸುವುದು, ಸಮಯ ಉಳಿಸುವುದು ಎಲ್ಲಾ ಕೊನೆಗೆ. ಈ ಕ್ರಮ ಬಿಡದೆ ಹೋದರೆ ಕೆಲಸ ತಾನಾಗಿ ಹಗುರವಾಗುತ್ತದೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಸಣ್ಣ ಅಣುಗಳ ರಿವರ್ಸ್ಡ್ ಫೇಸ್ (ಕಾಲಮ್ ಜಿಡ್ಡಿನ ಸ್ವಭಾವದ್ದು, ಹರಿಯುವ ದ್ರವ ನೀರು ಬೆರೆತದ್ದು) ಬಗ್ಗೆ. ದಿನನಿತ್ಯದ ಕೆಲಸದಲ್ಲಿ ಹೆಚ್ಚು ಬಳಕೆಯಾಗುವುದು ಅದೇ.

ಇಂಜೆಕ್ಷನ್‌ಗೆ ಮೊದಲು

ಪಂಪ್ ಆನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ಅಣುವಿನ ರಚನೆ ಬರೆಯಿರಿ. ಆಮ್ಲವೋ, ಪ್ರತ್ಯಾಮ್ಲವೋ, ಎರಡೂ ಅಲ್ಲವೋ? ಪಿಕೆಎ (ಅರ್ಧ ಅಣುಗಳು ಅಯಾನ್ ಆಗಿರುವ ಪಿಎಚ್) ಎಷ್ಟು? ಲಾಗ್ ಪಿ (ನೀರಿಗಿಂತ ಎಣ್ಣೆಯಂಥ ದ್ರವದ ಕಡೆ ಎಷ್ಟು ಒಲವು ಎಂಬುದು) ಎಷ್ಟು? ಯುವಿ ಹೀರುವ ಭಾಗ ಇದೆಯಾ? ನೀರಿನಲ್ಲಿ ಕರಗುತ್ತದಾ? ಗೊತ್ತಿರುವ ಇಂಪ್ಯೂರಿಟಿಗಳು ಯಾವುವು, ಮುಖ್ಯ ಅಣುವಿಗಿಂತ ಅವು ಎಷ್ಟು ಭಿನ್ನ? ಒಂದು ಕ್ಲೋರಿನ್ ಜಾಗ ಬದಲಾಗಿರುವ ಐಸೋಮರ್ ಇದ್ದರೆ ಕಷ್ಟ ಎಲ್ಲಿ ಬರುತ್ತದೆ ಎಂದು ಈಗಲೇ ಗೊತ್ತಾಗುತ್ತದೆ.

ಮೆಥಡ್ ಯಾತಕ್ಕೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅಸ್ಸೇಗೆ (ಮುಖ್ಯ ಅಣು ಎಷ್ಟಿದೆ ಎಂದು ಅಳೆಯಲು) ಮಾತ್ರವಾದರೆ ಒಂದು ಪೀಕ್ ಸ್ವಚ್ಛವಾಗಿ ಬಂದರೆ ಸಾಕು. ಸ್ಟೆಬಿಲಿಟಿ ಕೆಲಸಕ್ಕಾದರೆ ಶೇ. 0.05ರಷ್ಟಿರುವ ಇಂಪ್ಯೂರಿಟಿ ಕೂಡ ಕಾಣಬೇಕು, ಬೇರೆಯಾಗಬೇಕು. ಡಿಸಲ್ಯೂಷನ್‌ಗಾದರೆ (ಮಾತ್ರೆ ಎಷ್ಟು ಬೇಗ ಕರಗುತ್ತದೆ ಎಂದು ನೋಡಲು) ರನ್ ಟೈಮ್ ಚಿಕ್ಕದಿರಬೇಕು. ಮುಂದೆ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹೋಗುವ ಸಾಧ್ಯತೆ ಇದ್ದರೆ ಫಾಸ್ಫೇಟ್ ಬಫರ್ ಈಗಲೇ ಪಟ್ಟಿಯಿಂದ ಹೊರಗೆ. ಗುರಿ ಬರೆಯದೆ ಹೊರಟರೆ ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಾಗುವುದಿಲ್ಲ.

ಸ್ಯಾಂಪಲ್‌ಗಳನ್ನು ಈ ಹಂತದಲ್ಲೇ ಸಿದ್ಧ ಮಾಡಿಕೊಳ್ಳಿ. ಶುದ್ಧ ಅಣು ಮಾತ್ರ ಇಟ್ಟುಕೊಂಡು ಮೆಥಡ್ ಕಟ್ಟಿದರೆ ಬೇರ್ಪಡಿಸಲು ಏನೂ ಇರುವುದಿಲ್ಲ. ಇಂಪ್ಯೂರಿಟಿಗಳನ್ನು ಸ್ಪೈಕ್ ಮಾಡಿದ (ಬೇಕೆಂದೇ ಬೆರೆಸಿದ) ದ್ರಾವಣ ಬೇಕು. ಜೊತೆಗೆ ಆಮ್ಲ, ಕ್ಷಾರ, ಹೈಡ್ರೋಜನ್ ಪೆರಾಕ್ಸೈಡ್, ಶಾಖ, ಬೆಳಕು ಇವುಗಳಲ್ಲಿ ಕೆಡಿಸಿದ ಸ್ಯಾಂಪಲ್ ಬೇಕು. ಶೇ. 5ರಿಂದ 20ರಷ್ಟು ಕೆಟ್ಟರೆ ಸಾಕು. ಪೂರ್ತಿ ಚಿಂದಿ ಮಾಡಿದರೆ ನಿಜವಾಗಿ ಎಂದೂ ಹುಟ್ಟದ ಪೀಕ್‌ಗಳ ಹಿಂದೆ ಓಡಬೇಕಾಗುತ್ತದೆ. ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ಬರಿ ದ್ರಾವಕ) ಮತ್ತು ಪ್ಲಾಸಿಬೊ (ಔಷಧದ ಅಣು ಬಿಟ್ಟು ಉಳಿದೆಲ್ಲ ಇರುವ ಮಿಶ್ರಣ) ಮರೆಯಬೇಡಿ.

ಒಂದು ಸೂತ್ರ, ಮೂರು ಹಿಡಿ

ರೆಸಲ್ಯೂಷನ್, ಅಂದರೆ ಎರಡು ಪೀಕ್ ಎಷ್ಟು ಬೇರೆಯಾಗಿವೆ ಎಂಬ ಅಳತೆ, ಮೂರು ಸಂಗತಿಗಳ ಗುಣಲಬ್ಧ. ಎನ್ ಅಂದರೆ ಪ್ಲೇಟ್ ಸಂಖ್ಯೆ (ಪೀಕ್ ಎಷ್ಟು ತೆಳು ಎಂಬುದರ ಅಳತೆ), ಅದರ ವರ್ಗಮೂಲವನ್ನು 4ರಿಂದ ಭಾಗಿಸಬೇಕು. ಆಲ್ಫಾ ಅಂದರೆ ಸೆಲೆಕ್ಟಿವಿಟಿ (ಎರಡು ಪೀಕ್‌ಗಳ ಕೆ ಬೆಲೆಗಳ ಅನುಪಾತ), ಅದರಲ್ಲಿ 1 ಕಳೆದು ಆಲ್ಫಾದಿಂದಲೇ ಭಾಗಿಸಬೇಕು. ಕೆ ಅಂದರೆ ರಿಟೆನ್ಷನ್ ಫ್ಯಾಕ್ಟರ್ (ಅಣು ಕಾಲಮ್‌ನಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು), ಅದನ್ನು 1+ಕೆಯಿಂದ ಭಾಗಿಸಬೇಕು. ಮೂರನ್ನೂ ಗುಣಿಸಿದರೆ ರೆಸಲ್ಯೂಷನ್. 1.5 ಬಂದರೆ ಪೀಕ್‌ಗಳು ಬೇಸ್‌ಲೈನ್ ತನಕ ಬೇರೆಯಾದ ಹಾಗೆ. ಡೆವಲಪ್‌ಮೆಂಟ್ ಮಾಡುವಾಗ 2ರ ಮೇಲೆ ಕಣ್ಣಿಡಿ. ಕಾಲಮ್ ಹಳೆಯದಾದಾಗ ಇಳಿಯಲು ಜಾಗ ಬೇಕಲ್ವಾ?

ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಅಂಕಿ ಹಾಕಿ ನೋಡುವುದು ಮೇಲು. ಎನ್ 10,000, ಕೆ 3, ಆಲ್ಫಾ 1.05 ಎಂದಿಟ್ಟುಕೊಳ್ಳಿ. ರೆಸಲ್ಯೂಷನ್ 0.89 ಬರುತ್ತದೆ. ಪೀಕ್‌ಗಳು ಇನ್ನೂ ಅಂಟಿಕೊಂಡೇ ಇವೆ. ಈಗ ಕಾಲಮ್ ಉದ್ದ ಎರಡು ಪಟ್ಟು ಮಾಡಿ. ಎನ್ 20,000 ಆಯಿತು, ಸಮಯವೂ ಒತ್ತಡವೂ ದುಪ್ಪಟ್ಟಾಯಿತು. ಸಿಕ್ಕಿದ್ದು 1.26 ಮಾತ್ರ. ಅದರ ಬದಲು ಹಳೆಯ ಕಾಲಮ್‌ನಲ್ಲೇ ಆಲ್ಫಾವನ್ನು 1.05ರಿಂದ 1.10ಕ್ಕೆ ಏರಿಸಿ. ರೆಸಲ್ಯೂಷನ್ 1.70. ಒಂದು ಪಿಎಚ್ ಬದಲಾವಣೆ, ಇಲ್ಲವೇ ಅಸಿಟೋನೈಟ್ರೈಲ್ ಬದಲು ಮೆಥನಾಲ್, ಇಷ್ಟರಲ್ಲೇ ಆಗಿಬಿಡಬಹುದಾದ ಕೆಲಸ ಅದು.

ಕೆ ವಿಷಯ ಬೇರೆ. ಕೆ 1 ಇದ್ದಾಗ ಅದರ ಪಾಲು 0.5. ಕೆ 5ಕ್ಕೆ ಬಂದರೆ 0.83. ಕೆ 10 ಆದರೂ 0.91 ಮಾತ್ರ. ಅಂದರೆ 2ರಿಂದ 10ರ ನಡುವೆ ಇದ್ದರೆ ಒಳ್ಳೆಯದು, ಅದರಾಚೆ ಸುಮ್ನೆ ಸಮಯ ಹಾಳು. 1ಕ್ಕಿಂತ ಕಡಿಮೆ ಇದ್ದರೆ ಪೀಕ್ ಸಾಲ್ವೆಂಟ್ ಫ್ರಂಟ್‌ನ (ಇಂಜೆಕ್ಟ್ ಮಾಡಿದ ದ್ರಾವಕ ಮೊದಲು ಹೊರಬರುವ ಜಾಗದ) ಗಲಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕೆ ಲೆಕ್ಕ ಹಾಕಲು ಡೆಡ್ ಟೈಮ್, ಅಂದರೆ ಕಾಲಮ್‌ನಲ್ಲಿ ನಿಲ್ಲದ ಅಣು ಹೊರಬರುವ ಸಮಯ, ಗೊತ್ತಿರಬೇಕು. ಪೀಕ್‌ನ ಸಮಯದಲ್ಲಿ ಅದನ್ನು ಕಳೆದು ಅದರಿಂದಲೇ ಭಾಗಿಸಿದರೆ ಕೆ. 150 x 4.6 ಮಿ.ಮೀ. ಕಾಲಮ್‌ನ ಡೆಡ್ ವಾಲ್ಯೂಮ್ ಸುಮಾರು 1.5 ಮಿ.ಲೀ. ನಿಮಿಷಕ್ಕೆ 1 ಮಿ.ಲೀ. ಫ್ಲೋ ಇದ್ದರೆ ಡೆಡ್ ಟೈಮ್ 1.5 ನಿಮಿಷ. ಖಚಿತವಾಗಿ ಬೇಕಾದರೆ ಯುರಾಸಿಲ್ ಇಂಜೆಕ್ಟ್ ಮಾಡಿ ನೋಡಿ.

ಪಿಎಚ್: ಎಲ್ಲಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು

ಅಣುವಿನಲ್ಲಿ ಅಯಾನ್ ಆಗುವ ಗುಂಪು ಇದ್ದರೆ ಪಿಎಚ್‌ನಷ್ಟು ಬಲವಾದ ಹಿಡಿ ಬೇರೆ ಇಲ್ಲ. ಅದರಷ್ಟು ಅಪಾಯದ್ದೂ ಇಲ್ಲ. ಮೆಥಡ್ ಟ್ರಾನ್ಸ್‌ಫರ್ ವೇಳೆ ಬರುವ ತಕರಾರು ಕೆದಕುತ್ತಾ ಹೋದರೆ ತಳದಲ್ಲಿ ಸಿಗುವುದು ಎಷ್ಟೋ ಸಲ ತಪ್ಪು ಪಿಎಚ್ ಆಯ್ಕೆಯೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಬೆನ್ಜೋಯಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಪಿಕೆಎ 4.2. ಪೂರ್ತಿ ತಟಸ್ಥವಾಗಿದ್ದಾಗ ಅದರ ಕೆ 10 ಇರುವಂತೆ ಮೊಬೈಲ್ ಫೇಸ್ (ಕಾಲಮ್‌ನಲ್ಲಿ ಹರಿಯುವ ದ್ರವ) ಇದೆ ಎನ್ನಿ. ಅಯಾನ್ ಆದ ಭಾಗ ಕಾಲಮ್‌ನಲ್ಲಿ ನಿಲ್ಲುವುದೇ ಇಲ್ಲ ಎನ್ನೋಣ. ಪಿಎಚ್ 4.2 ಇಟ್ಟರೆ ಅರ್ಧ ಅಣುಗಳು ಅಯಾನ್, ಅರ್ಧ ತಟಸ್ಥ. ಬಫರ್ ಮಾಡಿದವರ ಕೈಯಲ್ಲಿ ಪಿಎಚ್ 4.1 ಬಂದರೆ ಕೆ 5.6, ಪೀಕ್ 9.9 ನಿಮಿಷಕ್ಕೆ. ಇನ್ನೊಬ್ಬರ ಕೈಯಲ್ಲಿ 4.3 ಬಂದರೆ ಕೆ 4.4, ಪೀಕ್ 8.1 ನಿಮಿಷಕ್ಕೆ. ಮೀಟರ್‌ನಲ್ಲಿ ಇಷ್ಟೇ ಇಷ್ಟು ವ್ಯತ್ಯಾಸ, ಕ್ರೊಮ್ಯಾಟೋಗ್ರಾಮ್‌ನಲ್ಲಿ ಸುಮಾರು ಒಂದೂಮುಕ್ಕಾಲು ನಿಮಿಷ. ಪಕ್ಕದಲ್ಲಿ ಇನ್ನೊಂದು ಪೀಕ್ ಇದ್ದರೆ ಇದು ಅದರ ಮೇಲೆ ಹತ್ತಿ ಆಚೆ ಇಳಿದಿರುತ್ತದೆ.

ಅದೇ ಆಮ್ಲವನ್ನು ಪಿಎಚ್ 2.7ರಲ್ಲಿ ಓಡಿಸಿ. ಶೇ. 97ರಷ್ಟು ತಟಸ್ಥ. ಪಿಎಚ್ 2.6 ಆದರೂ 2.8 ಆದರೂ ಪೀಕ್ 16 ನಿಮಿಷದ ಆಸುಪಾಸಿನಲ್ಲೇ ಇರುತ್ತದೆ, ಅಂತರ 0.2 ನಿಮಿಷ ಮಾತ್ರ. ರಿಟೆನ್ಷನ್ ಜಾಸ್ತಿ ಆಯಿತು ಎನಿಸಿದರೆ ಆರ್ಗ್ಯಾನಿಕ್ (ಅಸಿಟೋನೈಟ್ರೈಲ್, ಮೆಥನಾಲ್‌ನಂಥ ದ್ರಾವಕ) ಏರಿಸಿದರೆ ಆಯಿತು. ಪಿಕೆಎಯಿಂದ ಕನಿಷ್ಠ 1.5, ಸಾಧ್ಯವಾದರೆ 2 ಯೂನಿಟ್ ದೂರ ಇರಿ ಎಂದು ಹೇಳುವುದು ಇದೇ ಕಾರಣಕ್ಕೆ.

ಪ್ರತ್ಯಾಮ್ಲಗಳಲ್ಲಿ ಲೆಕ್ಕ ತಿರುಗುಮುರುಗು. ಪಿಕೆಎ 9ರ ಅಮೀನ್ ಕಡಿಮೆ ಪಿಎಚ್‌ನಲ್ಲಿ ಪೂರ್ತಿ ಅಯಾನ್. ಬೇಗ ಹೊರಬರುತ್ತದೆ, ಆದರೆ ಸ್ಥಿರವಾಗಿರುತ್ತದೆ. ಅದನ್ನು ತಟಸ್ಥ ಮಾಡಿ ಹಿಡಿಯಬೇಕೆಂದರೆ ಪಿಎಚ್ 10.5ರ ಮೇಲೆ ಹೋಗಬೇಕು. ಸಾಮಾನ್ಯ ಸಿಲಿಕಾ ಕಾಲಮ್‌ಗಳ ಮಿತಿ ಪಿಎಚ್ 2ರಿಂದ 8. ಅದರಾಚೆ ಸಿಲಿಕಾ ಕರಗಲು ಶುರು. ಹೆಚ್ಚಿನ ಪಿಎಚ್‌ಗೆಂದೇ ಮಾಡಿದ ಹೈಬ್ರಿಡ್ ಕಾಲಮ್ ಇದ್ದರೆ ಮಾತ್ರ ಆ ಕಡೆ ಕಾಲಿಡಿ.

ಇನ್ನು ಬಫರ್. ಬಫರ್ ತನ್ನ ಪಿಕೆಎಯ ಆಚೀಚೆ ಒಂದು ಯೂನಿಟ್ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಫಾಸ್ಫೇಟ್‌ಗೆ 2.1 ಮತ್ತು 7.2, ಫಾರ್ಮೇಟ್‌ಗೆ 3.8, ಅಸಿಟೇಟ್‌ಗೆ 4.8, ಅಮೋನಿಯಾಗೆ 9.2. ಪಿಎಚ್ 6.0ಕ್ಕೆ ಹೊಂದಿಸಿದ ಅಸಿಟೇಟ್ ಬಫರ್ ಹೆಸರಿಗೆ ಬಫರ್, ಹಿಡಿತ ಮಾತ್ರ ಅಷ್ಟಕ್ಕಷ್ಟೆ. 10ರಿಂದ 25 ಮಿಲಿಮೋಲಾರ್ ಸಾಮಾನ್ಯವಾಗಿ ಸಾಕು. ಪಿಎಚ್ ಅಳೆಯುವುದು ಆರ್ಗ್ಯಾನಿಕ್ ಸೇರಿಸುವ ಮೊದಲು, ನೀರಿನ ಭಾಗದಲ್ಲೇ. ಸೇರಿಸಿದ ಮೇಲೆ ಅಳೆದರೆ ಮೀಟರ್ ತೋರಿಸುವ ಅಂಕಿಗೆ ಅದೇ ಅರ್ಥ ಉಳಿಯುವುದಿಲ್ಲ. ಯಾವಾಗ ಅಳೆದಿರಿ ಎಂದು ಮೆಥಡ್‌ನಲ್ಲಿ ಬರೆಯಲೇಬೇಕು.

ಪೊಟ್ಯಾಷಿಯಂ ಫಾಸ್ಫೇಟ್ ಬಳಸುವಾಗ ಅಸಿಟೋನೈಟ್ರೈಲ್ ಶೇ. 70ರ ಹತ್ತಿರ ಹೋದರೆ ಉಪ್ಪು ಕೆಳಗೆ ಕೂರುವ ಭಯ ಇದೆ. ಬಾಟಲಿಯಲ್ಲಿ ಕೂತರೆ ಕಾಣುತ್ತದೆ, ಪಂಪ್ ಒಳಗೆ ಕೂತರೆ ಸೀಲ್ ಹೋದ ಮೇಲೆ ಗೊತ್ತಾಗುತ್ತದೆ. ಗ್ರೇಡಿಯಂಟ್ (ರನ್ ನಡೆಯುತ್ತಿರುವಾಗಲೇ ಆರ್ಗ್ಯಾನಿಕ್ ಪ್ರಮಾಣ ಏರಿಸುತ್ತಾ ಹೋಗುವುದು) ಹಾಕುವ ಮೊದಲು ಬೀಕರ್‌ನಲ್ಲಿ ಅದೇ ಪ್ರಮಾಣದಲ್ಲಿ ಬೆರೆಸಿ ನೋಡಿಬಿಡಿ.

ಮೊದಲ ಕಾಲಮ್, ಮೊದಲ ಮೊಬೈಲ್ ಫೇಸ್

ಒಳ್ಳೆಯ, ಶುದ್ಧ ಸಿಲಿಕಾದ ಎಂಡ್‌ಕ್ಯಾಪ್ ಮಾಡಿದ (ಸಿಲಿಕಾ ಮೇಲೆ ಉಳಿದ ಸಿಲನಾಲ್ ಗುಂಪುಗಳನ್ನು ಮುಚ್ಚಿದ) ಸಿ18 ಕಾಲಮ್‌ನಿಂದ ಶುರು ಮಾಡಿ. ಹೊಸ ಕಾಲಮ್ ಆದರೆ ಇನ್ನೂ ಒಳ್ಳೆಯದು. ಬೇರೆ ಮೆಥಡ್‌ನಲ್ಲಿ ಅಯಾನ್ ಪೇರ್ ರಿಯೇಜೆಂಟ್ (ಅಯಾನ್ ಜೊತೆ ಜೋಡಿಯಾಗಿ ಅದನ್ನು ಕಾಲಮ್‌ನಲ್ಲಿ ನಿಲ್ಲಿಸುವ ರಾಸಾಯನಿಕ) ಕುಡಿದ ಕಾಲಮ್‌ನಲ್ಲಿ ಹೊಸ ಮೆಥಡ್ ಕಟ್ಟಬೇಡಿ. ಆ ರಿಟೆನ್ಷನ್ ಮತ್ತೆ ಯಾವ ಕಾಲಮ್‌ನಲ್ಲೂ ಸಿಗದಿರಬಹುದು.

ನೀರಿನ ಕಡೆ ಶೇ. 0.1 ಫಾರ್ಮಿಕ್ ಆಮ್ಲ ಹಾಕಿದರೆ ಪಿಎಚ್ 2.7ರ ಹತ್ತಿರ ಬರುತ್ತದೆ, ಮಾಸ್‌ಗೂ ನಡೆಯುತ್ತದೆ. ಯುವಿಯಲ್ಲಿ 210 ನ್ಯಾನೋಮೀಟರ್‌ಗೆ ಇಳಿಯಬೇಕಾದರೆ ಫಾಸ್ಫೇಟ್ ಉತ್ತಮ. ಅಷ್ಟು ಕೆಳಗೆ ಫಾರ್ಮಿಕ್ ಆಮ್ಲವೇ ಹೀರಿ ಬೇಸ್‌ಲೈನ್ ಏರಿಸುತ್ತದೆ. ಸಾಲ್ವೆಂಟ್‌ನ ಯುವಿ ಕಟ್ಆಫ್ ಕೂಡ ನೆನಪಿರಲಿ. ಅಸಿಟೋನೈಟ್ರೈಲ್‌ಗೆ 190, ಮೆಥನಾಲ್‌ಗೆ 205 ನ್ಯಾನೋಮೀಟರ್. ಕಾಲಮ್ ಟೆಂಪರೇಚರ್ 30ರಿಂದ 40 ಡಿಗ್ರಿ ನಡುವೆ ಒಂದು ಕಡೆ ಕಟ್ಟಿಹಾಕಿ. ರೂಮ್ ಟೆಂಪರೇಚರ್ ಎಂದು ಬರೆದ ಮೆಥಡ್‌ಗೆ ಟೆಂಪರೇಚರ್ ಇಲ್ಲ ಎಂದೇ ಅರ್ಥ. ಒಂದು ಡಿಗ್ರಿಗೆ ಕೆ ಶೇ. 1ರಿಂದ 2ರಷ್ಟು ಬದಲಾಗುತ್ತದೆ.

ಸ್ಕೌಟಿಂಗ್ ಗ್ರೇಡಿಯಂಟ್: ಒಂದೇ ರನ್‌ನಲ್ಲಿ ಎಷ್ಟೊಂದು ಸುದ್ದಿ

ಐಸೋಕ್ರ್ಯಾಟಿಕ್‌ನಲ್ಲಿ (ರನ್ ಪೂರ್ತಿ ಒಂದೇ ಪ್ರಮಾಣದಲ್ಲಿ) 50:50, 60:40 ಎಂದು ತಡಕಾಡುವ ಬದಲು ಮೊದಲ ರನ್ ಗ್ರೇಡಿಯಂಟ್ ಆಗಿರಲಿ. ಶೇ. 5ರಿಂದ 95 ಬಿ, 20 ನಿಮಿಷದಲ್ಲಿ (ಬಿ ಅಂದರೆ ಆರ್ಗ್ಯಾನಿಕ್ ಬಾಟಲಿ, ನೀರಿನ ಕಡೆಯದು ಎ). ಅದಕ್ಕೂ ಮುಂಚೆ ಒಂದು ಬ್ಲ್ಯಾಂಕ್. ಬ್ಲ್ಯಾಂಕ್‌ನಲ್ಲಿ ಪೀಕ್ ಕಂಡರೆ ನೀರು, ಬಫರ್ ಅಥವಾ ಸಿಸ್ಟಮ್ ಸ್ವಚ್ಛ ಮಾಡಿಕೊಂಡು ಮುಂದೆ ಹೋಗಿ.

ಈಗ ಸ್ಪೈಕ್ ಮಾಡಿದ ಸ್ಯಾಂಪಲ್ ಹಾಕಿ. ಮೊದಲ ಪೀಕ್ 9.0 ನಿಮಿಷಕ್ಕೆ, ಕೊನೆಯದು 13.0ಕ್ಕೆ ಬಂದಿತು ಎನ್ನೋಣ. ಅಂತರ 4 ನಿಮಿಷ. ಅದನ್ನು ಗ್ರೇಡಿಯಂಟ್ ಸಮಯ 20ರಿಂದ ಭಾಗಿಸಿದರೆ 0.20. ಈ ಅಂಕಿ 0.25ಕ್ಕಿಂತ ಕಡಿಮೆ ಇದ್ದರೆ ಐಸೋಕ್ರ್ಯಾಟಿಕ್ ಸಾಧ್ಯ. 0.40 ದಾಟಿದರೆ ಗ್ರೇಡಿಯಂಟೇ ಬೇಕು. ನಡುವೆ ಇದ್ದರೆ ಎರಡೂ ನಡೆಯುತ್ತವೆ.

ಐಸೋಕ್ರ್ಯಾಟಿಕ್ ಶೇಕಡಾವಾರು ಎಷ್ಟು ಎಂಬುದನ್ನೂ ಇದೇ ರನ್ ಹೇಳುತ್ತದೆ. ಡೆಡ್ ಟೈಮ್ 1.5 ನಿಮಿಷ, ಡ್ವೆಲ್ ಟೈಮ್ (ಬದಲಾದ ಮಿಶ್ರಣ ಪಂಪ್‌ನಿಂದ ಕಾಲಮ್‌ನ ತಲೆ ಮುಟ್ಟುವ ಸಮಯ) 1.0 ನಿಮಿಷ ಇದೆ ಎನ್ನಿ. ಪಂಪ್‌ನಲ್ಲಿ ಬದಲಾದ ಮಿಶ್ರಣ ಕಾಲಮ್ ದಾಟಿ ಡಿಟೆಕ್ಟರ್ ಮುಟ್ಟಲು 2.5 ನಿಮಿಷ ಬೇಕು. ಕೊನೆಯ ಪೀಕ್‌ಗೆ ಉಳಿದದ್ದು 10.5 ನಿಮಿಷ. ಗ್ರೇಡಿಯಂಟ್ ನಿಮಿಷಕ್ಕೆ ಶೇ. 4.5 ಏರುತ್ತಿದೆ. ಹಾಗಾಗಿ ಕೊನೆಯ ಪೀಕ್ ಹೊರಬಂದಾಗಿನ ಬಿ ಸುಮಾರು ಶೇ. 52. ಇಂಥ ಗ್ರೇಡಿಯಂಟ್‌ನಲ್ಲಿ ಸಣ್ಣ ಅಣುಗಳು ಹೊರಬರುವ ಕ್ಷಣದಲ್ಲಿ ಅವುಗಳ ಕೆ 1ಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅಲ್ಲಿಂದ 17ರಷ್ಟು ಇಳಿಸಿ ಶೇ. 35 ಬಿ ಇಟ್ಟರೆ ಕೊನೆಯ ಪೀಕ್‌ನ ಕೆ 10ರ ಒಳಗೆ ಬರುತ್ತದೆ, ಮೊದಲನೆಯದು 1 ದಾಟಿರುತ್ತದೆ. ಊಹೆ ಪೂರ್ತಿ ಸರಿಯಾಗದಿರಬಹುದು, ಆದರೆ ಇನ್ನೊಂದೇ ರನ್‌ನಲ್ಲಿ ದಾರಿಗೆ ಬರುತ್ತದೆ. ಆರ್ಗ್ಯಾನಿಕ್ ಶೇ. 10 ಇಳಿಸಿದರೆ ಕೆ ಎರಡರಿಂದ ಮೂರು ಪಟ್ಟು ಏರುತ್ತದೆ ಎಂಬುದು ಕೈಯಲ್ಲಿರಲಿ.

ಸ್ಕೌಟಿಂಗ್‌ನಲ್ಲೇ ಪೀಕ್ ಡೆಡ್ ಟೈಮ್ ಹತ್ತಿರ ಓಡಿಬಂದರೆ ಅಣು ತುಂಬಾ ಪೋಲಾರ್. ನೂರಕ್ಕೆ ನೂರು ನೀರು ತಾಳುವ ಸಿ18 ಅಥವಾ ಹಿಲಿಕ್ (ಪೋಲಾರ್ ಅಣುಗಳನ್ನು ಹಿಡಿಯುವ ಬೇರೆ ಬಗೆಯ ವಿಧಾನ) ಕಡೆ ತಿರುಗಿ. ಸಾಮಾನ್ಯ ಸಿ18ರಲ್ಲಿ ಆರ್ಗ್ಯಾನಿಕ್ ಶೇ. 5ಕ್ಕಿಂತ ಕೆಳಗೆ ಇಳಿದರೆ ನೀರು ರಂಧ್ರಗಳಿಂದ ಹೊರಬಿದ್ದು ರಿಟೆನ್ಷನ್ ಕುಸಿಯಬಹುದು. ಅಯಾನ್ ಪೇರ್ ರಿಯೇಜೆಂಟ್ ನನ್ನ ಮಟ್ಟಿಗೆ ಕೊನೆಯ ಆಯ್ಕೆ. ಸಮತೋಲನಕ್ಕೆ ಗಂಟೆಗಟ್ಟಲೆ ಬೇಕು, ಕಾಲಮ್ ಅದೇ ಮೆಥಡ್‌ಗೆ ಮೀಸಲಾಗಿಬಿಡುತ್ತದೆ.

ಸೆಲೆಕ್ಟಿವಿಟಿ: ಸಮಯ ಹಾಕಬೇಕಾದ ಜಾಗ

ಕೆ ದಾರಿಗೆ ಬಂತು. ಒಂದೋ ಎರಡೋ ಜೋಡಿ ಇನ್ನೂ ಅಂಟಿಕೊಂಡಿವೆ. ಇಲ್ಲಿಂದಲೇ ನಿಜವಾದ ಮೆಥಡ್ ಡೆವಲಪ್‌ಮೆಂಟ್ ಶುರು. ನಿಮ್ಮ ಬಳಿ ಇರುವ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಇಡಿ.

ಆಲ್ಫಾ ಕದಲಿಸುವ ಹಿಡಿಗಳು ಇವು: ಪಿಎಚ್, ಆರ್ಗ್ಯಾನಿಕ್ ಯಾವುದು ಎಂಬುದು, ಕಾಲಮ್‌ನ ಬಗೆ, ಆರ್ಗ್ಯಾನಿಕ್ ಶೇಕಡಾ ಅಥವಾ ಗ್ರೇಡಿಯಂಟ್ ಎಷ್ಟು ಕಡಿದು ಎಂಬುದು, ಟೆಂಪರೇಚರ್. ಮೊದಲ ಮೂರು ಬಲವಾದವು. ಕೊನೆಯ ಎರಡು ಮೆದು, ಆದರೆ ಅವನ್ನು ಬದಲಿಸಲು ಬಾಟಲಿ ತೊಳೆಯಬೇಕಿಲ್ಲ, ಸಾಫ್ಟ್‌ವೇರ್‌ನಲ್ಲಿ ಅಂಕಿ ತಿದ್ದಿದರೆ ಸಾಕು. ಹಾಗಾಗಿ ಮೊದಲು ಬಲವಾದವುಗಳ ಸ್ಕ್ರೀನಿಂಗ್, ಆಮೇಲೆ ಮೆದುವಾದವುಗಳಲ್ಲಿ ಹದ.

ಸ್ಕ್ರೀನಿಂಗ್ ಹೀಗೆ ಮಾಡಿ. ಒಂದಕ್ಕೊಂದು ನಿಜವಾಗಿ ಭಿನ್ನವಾದ ಮೂರು ಕಾಲಮ್ ಆರಿಸಿ: ಒಂದು ಸಿ18, ಒಂದು ಫೀನೈಲ್-ಹೆಕ್ಸೈಲ್, ಒಂದು ಪೆಂಟಾಫ್ಲೋರೋಫೀನೈಲ್ ಅಥವಾ ಪೋಲಾರ್ ಗುಂಪು ಸೇರಿಸಿದ ಸಿ18. ಬೇರೆ ಬೇರೆ ಕಂಪನಿಯ ಮೂರು ಸಿ18 ಇಟ್ಟರೆ ಅದನ್ನು ಸ್ಕ್ರೀನಿಂಗ್ ಎನ್ನಲಾಗದು. ಎರಡು ಆರ್ಗ್ಯಾನಿಕ್: ಅಸಿಟೋನೈಟ್ರೈಲ್, ಮೆಥನಾಲ್. ಎರಡು ಪಿಎಚ್: ಒಂದು 2.7ರ ಹತ್ತಿರ, ಇನ್ನೊಂದು ಅಣುವಿನ ಪಿಕೆಎ ನೋಡಿ 7ರ ಹತ್ತಿರ ಅಥವಾ ಕಾಲಮ್ ತಾಳುವುದಾದರೆ 10ರ ಹತ್ತಿರ. ಒಟ್ಟು 12 ಗ್ರೇಡಿಯಂಟ್ ರನ್. ಕಾಲಮ್ ಸ್ವಿಚಿಂಗ್ ವಾಲ್ವ್ ಇದ್ದರೆ ಸಂಜೆ ಹಾಕಿ ಹೋದರೆ ಬೆಳಿಗ್ಗೆ ಡೇಟಾ ಸಿದ್ಧ. ಪ್ರತಿ ಬದಲಾವಣೆಯ ನಡುವೆ ಕನಿಷ್ಠ 10 ಕಾಲಮ್ ವಾಲ್ಯೂಮ್ ಹರಿಸಿ, ಪ್ರತಿ ಹೊಸ ಸ್ಥಿತಿಯ ಮೊದಲ ಇಂಜೆಕ್ಷನ್ ಲೆಕ್ಕಕ್ಕೆ ಹಿಡಿಯಬೇಡಿ.

ಆರ್ಗ್ಯಾನಿಕ್ ಬದಲಿಸುವಾಗ ಬಲ ಹೊಂದಿಸಿಕೊಳ್ಳಿ. ಶೇ. 40 ಅಸಿಟೋನೈಟ್ರೈಲ್‌ನ ಬಲ ಸುಮಾರು ಶೇ. 50 ಮೆಥನಾಲ್‌ಗೆ ಸಮ. ಫೀನೈಲ್ ಕಾಲಮ್‌ನ ಗುಣ ನಿಜವಾಗಿ ಹೊರಬರುವುದು ಮೆಥನಾಲ್‌ನಲ್ಲಿ. ಅಸಿಟೋನೈಟ್ರೈಲ್‌ನಲ್ಲೇ ಪೈ ಎಲೆಕ್ಟ್ರಾನ್‌ಗಳಿರುವುದರಿಂದ ಅದು ಕಾಲಮ್‌ನ ಫೀನೈಲ್ ಗುಂಪು ಮಾಡಬೇಕಾದ ಕೆಲಸಕ್ಕೆ ಅಡ್ಡ ಬರುತ್ತದೆ. ಫೀನೈಲ್ ಕಾಲಮ್‌ನಿಂದ ಏನೂ ಉಪಯೋಗವಾಗಲಿಲ್ಲ ಎನ್ನುವವರು ಮೆಥನಾಲ್‌ನಲ್ಲಿ ಒಮ್ಮೆ ಓಡಿಸಿ ನೋಡಬೇಕು. ಮೆಥನಾಲ್-ನೀರು ಮಿಶ್ರಣ ಮಂದ, ಒತ್ತಡ ಏರುತ್ತದೆ. ಅದಕ್ಕೆ ಫ್ಲೋ ಸ್ವಲ್ಪ ತಗ್ಗಿಸಿಕೊಳ್ಳಿ.

ಈ ಹಂತದಲ್ಲಿ ಎಡವುವುದು ಪೀಕ್ ಗುರುತಿಸುವುದರಲ್ಲಿ. ಪಿಎಚ್ ಬದಲಾದಾಗ ಪೀಕ್‌ಗಳು ಸ್ಥಾನ ಅದಲುಬದಲು ಮಾಡಿಕೊಳ್ಳುತ್ತವೆ. ಐದು ಪೀಕ್ ಇದ್ದ ಜಾಗದಲ್ಲಿ ನಾಲ್ಕು ಕಂಡರೆ ಒಂದು ಮಾಯವಾಗಿಲ್ಲ, ಇನ್ನೊಂದರ ಅಡಿಯಲ್ಲಿ ಅಡಗಿದೆ. ಪಿಡಿಎ (ಹಲವು ತರಂಗಾಂತರ ಒಟ್ಟಿಗೆ ಅಳೆಯುವ ಯುವಿ ಡಿಟೆಕ್ಟರ್) ಸ್ಪೆಕ್ಟ್ರಮ್ ನೋಡಿ. ಏರಿಯಾ ಹೋಲಿಸಿ. ಮಾಸ್ ಇದ್ದರೆ ಇನ್ನೂ ಖಚಿತ. ಸ್ಪೈಕ್ ಮಾಡುವಾಗ ಒಂದೊಂದು ಇಂಪ್ಯೂರಿಟಿಯನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿದರೆ ಏರಿಯಾ ನೋಡಿದ ಕೂಡಲೇ ಯಾವುದು ಯಾವುದು ಎಂದು ಗೊತ್ತಾಗುತ್ತದೆ. ಇದು ಸಣ್ಣ ಉಪಾಯ, ಆದರೆ ದಿನಗಟ್ಟಲೆ ಉಳಿಸುತ್ತದೆ.

ಹನ್ನೆರಡು ಕ್ರೊಮ್ಯಾಟೋಗ್ರಾಮ್‌ಗಳಲ್ಲಿ ಯಾವುದು ಉತ್ತಮ ಎಂದು ಆರಿಸುವಾಗ ಅತಿ ಹತ್ತಿರದ ಜೋಡಿಯ ರೆಸಲ್ಯೂಷನ್ ಮಾತ್ರ ನೋಡಬೇಡಿ. ಎಷ್ಟು ಪೀಕ್ ಒಟ್ಟು ಕಾಣುತ್ತಿವೆ, ಮುಖ್ಯ ಪೀಕ್‌ನ ಬಾಲ ಹೇಗಿದೆ, ಖಾಲಿ ಜಾಗ ಎಲ್ಲಿದೆ ಎಂಬುದೂ ಮುಖ್ಯ. ಪಕ್ಕದಲ್ಲಿ ಖಾಲಿ ಜಾಗ ಇರುವ ಅಂಟಿದ ಜೋಡಿಯನ್ನು ಹದ ಮಾಡಿ ಬಿಡಿಸಬಹುದು. ಎಲ್ಲಾ ಪೀಕ್ ಒತ್ತೊತ್ತಾಗಿ ನಿಂತ ಕ್ರೊಮ್ಯಾಟೋಗ್ರಾಮ್‌ನಲ್ಲಿ ಒಂದನ್ನು ಸರಿಸಿದರೆ ಇನ್ನೊಂದಕ್ಕೆ ಡಿಕ್ಕಿ.

ಆಮೇಲೆ ನಾಲ್ಕು ರನ್. ಗ್ರೇಡಿಯಂಟ್ 20 ನಿಮಿಷ ಮತ್ತು 60 ನಿಮಿಷ, ಟೆಂಪರೇಚರ್ 30 ಮತ್ತು 50 ಡಿಗ್ರಿ. ಎರಡು ಗುಣಿಸು ಎರಡು. ಆರ್ಗ್ಯಾನಿಕ್ ಶೇಕಡಾಕ್ಕೆ ಎದುರಾಗಿ ಕೆಯ ಲಾಗರಿದಮ್ ಎಳೆದರೆ ಹೆಚ್ಚುಕಡಿಮೆ ನೇರ ಗೆರೆ ಬರುತ್ತದೆ. ಕ್ರೊಮ್ಯಾಟೋಗ್ರಫಿ ವಿಜ್ಞಾನಿ ಲಾಯ್ಡ್ ಸ್ನೈಡರ್ ಮತ್ತು ಸಂಗಡಿಗರು ಈ ಗೆರೆಯ ಮೇಲೆಯೇ ಗ್ರೇಡಿಯಂಟ್ ಲೆಕ್ಕಾಚಾರ ಕಟ್ಟಿದರು. ಡ್ರೈಲ್ಯಾಬ್‌ನಂಥ ಸಾಫ್ಟ್‌ವೇರ್ ಈ ನಾಲ್ಕೇ ರನ್‌ಗಳಿಂದ ನೂರಾರು ಸ್ಥಿತಿಗಳ ಕ್ರೊಮ್ಯಾಟೋಗ್ರಾಮ್ ಊಹಿಸಿ ತೋರಿಸುತ್ತದೆ. ಸಾಫ್ಟ್‌ವೇರ್ ಇಲ್ಲದಿದ್ದರೂ ಪರವಾಗಿಲ್ಲ, ನಾಲ್ಕು ರನ್ ಅಕ್ಕಪಕ್ಕ ಇಟ್ಟು ಯಾವ ಜೋಡಿ ಯಾವ ಕಡೆ ಸರಿಯುತ್ತಿದೆ ಎಂದು ನೋಡಿ. ಜೋಡಿಯಲ್ಲಿ 30 ಡಿಗ್ರಿಗೆ ಮುಂದಿದ್ದ ಪೀಕ್ 50ರಲ್ಲಿ ಹಿಂದೆ ಬಿದ್ದರೆ ನಡುವೆ ಎಲ್ಲೋ ಅವು ಒಂದರ ಮೇಲೊಂದು ಕೂತಿರುತ್ತವೆ. ಆ ಟೆಂಪರೇಚರ್‌ನಿಂದ ದೂರ ಇರಿ.

ಪೀಕ್‌ನ ಆಕಾರ

ಬಾಲ ಇರುವ ಪೀಕ್ ರೆಸಲ್ಯೂಷನ್ ನುಂಗುತ್ತದೆ. ಟೇಲಿಂಗ್ ಫ್ಯಾಕ್ಟರ್ 1.5ರ ಒಳಗೆ ಇರಲಿ, 2 ದಾಟಲೇಬಾರದು. ಎಲ್ಲಾ ಪೀಕ್‌ಗಳಿಗೂ ಬಾಲ ಇದ್ದರೆ ಕಾಲಮ್‌ನ ಫ್ರಿಟ್, ಫಿಟ್ಟಿಂಗ್, ಟ್ಯೂಬಿಂಗ್ ನೋಡಿ. ಅಮೀನ್‌ಗಳಿಗೆ ಮಾತ್ರ ಇದ್ದರೆ ಸಿಲನಾಲ್ ಗುಂಪುಗಳ ಎಳೆತ. ಪಿಎಚ್ ಇಳಿಸಿ, ಬಫರ್ ಸಾಂದ್ರತೆ ಏರಿಸಿ, ಇಲ್ಲವೇ ಕಾಲಮ್ ಬದಲಿಸಿ.

ಮೊದಲ ಪೀಕ್‌ಗಳು ಮಾತ್ರ ಮುಂದಕ್ಕೆ ಚಾಚಿ ಅಥವಾ ಎರಡಾಗಿ ಸೀಳಿ ಬಂದರೆ ಡೈಲ್ಯೂಯೆಂಟ್ (ಸ್ಯಾಂಪಲ್ ಕರಗಿಸಿದ ದ್ರಾವಕ) ನೋಡಿ. ಸ್ಯಾಂಪಲ್ ಅನ್ನು ಪೂರ್ತಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಶೇ. 10 ಬಿಯಲ್ಲಿ ಶುರುವಾಗುವ ಗ್ರೇಡಿಯಂಟ್‌ಗೆ 20 ಮೈಕ್ರೋಲೀಟರ್ ಹಾಕಿದರೆ ಅಣು ಕಾಲಮ್‌ನ ತಲೆಯಲ್ಲಿ ನಿಲ್ಲದೆ ಸಾಲ್ವೆಂಟ್ ಜೊತೆಗೇ ಜಾರುತ್ತದೆ. ಡೈಲ್ಯೂಯೆಂಟ್ ಮೊಬೈಲ್ ಫೇಸ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಲದ್ದಾಗಿರಲಿ. ಕರಗುವಿಕೆ ಬಿಡದಿದ್ದರೆ ಇಂಜೆಕ್ಷನ್ ವಾಲ್ಯೂಮ್ ಇಳಿಸಿ. ಸ್ಯಾಂಪಲ್ ಸೋಸುವಾಗ ಮೊದಲ ಕೆಲವು ಮಿ.ಲೀ. ಚೆಲ್ಲಿ, ಫಿಲ್ಟರ್ ಅಣುವನ್ನು ಹಿಡಿದಿಟ್ಟುಕೊಳ್ಳುವುದುಂಟು.

ಈಗ ಸಮಯ ಉಳಿಸಿ

ಬೇರ್ಪಡೆ ಗಟ್ಟಿಯಾದ ಮೇಲೆ ಮಾತ್ರ ರನ್ ಟೈಮ್ ಕಡೆ ಕೈ ಹಾಕಿ. ಕಾಲಮ್ ಉದ್ದವನ್ನು ಕಣದ ಗಾತ್ರದಿಂದ ಭಾಗಿಸಿದ ಅಂಕಿ ಒಂದೇ ಇದ್ದರೆ ಪ್ಲೇಟ್ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. 150 ಮಿ.ಮೀ., 5 ಮೈಕ್ರಾನ್ ಕಾಲಮ್‌ಗೆ ಅದು 30,000. 50 ಮಿ.ಮೀ., 1.7 ಮೈಕ್ರಾನ್‌ಗೆ 29,400. ಅಂದರೆ ಅದೇ ರೆಸಲ್ಯೂಷನ್ ಮೂರನೇ ಒಂದು ಉದ್ದದಲ್ಲಿ ಸಿಗುತ್ತದೆ. ಒಂದು ಷರತ್ತು, ಎರಡೂ ಕಾಲಮ್‌ನ ರಸಾಯನ ಒಂದೇ ಇರಬೇಕು.

ಲೆಕ್ಕ ನೋಡಿ. 150 x 4.6 ಮಿ.ಮೀ.ನಿಂದ 50 x 2.1 ಮಿ.ಮೀ.ಗೆ ಬಂದರೆ ಕಾಲಮ್ ವಾಲ್ಯೂಮ್ ಶೇ. 7ಕ್ಕೆ ಇಳಿಯುತ್ತದೆ. 10 ಮೈಕ್ರೋಲೀಟರ್ ಇಂಜೆಕ್ಷನ್ 0.7 ಆಗಬೇಕು. ಫ್ಲೋ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿದು 0.21 ಮಿ.ಲೀ. ಆಗುತ್ತದೆ. ಸಣ್ಣ ಕಣ ವೇಗ ತಾಳುವುದರಿಂದ ಅದನ್ನು 0.6ರ ತನಕ ಏರಿಸಬಹುದು. ಆಗ 20 ನಿಮಿಷದ ಗ್ರೇಡಿಯಂಟ್ 2.3 ನಿಮಿಷಕ್ಕೆ ಮುಗಿಯುತ್ತದೆ. ಒತ್ತಡ ಮಾತ್ರ ಸುಮಾರು 8.3 ಪಟ್ಟು. ಹಳೆಯದು 100 ಬಾರ್ ಇದ್ದರೆ ಹೊಸದು 830. ಅಷ್ಟು ಒತ್ತಡ ತಾಳುವ ಯುಎಚ್‌ಪಿಎಲ್‌ಸಿ ಸಿಸ್ಟಮ್ ಇಲ್ಲದೆ ಆಗದು. 400 ಬಾರ್‌ನ ಸಿಸ್ಟಮ್ ಮಾತ್ರ ಇದ್ದರೆ 2.7 ಮೈಕ್ರಾನ್ ಕೋರ್-ಶೆಲ್ (ಗಟ್ಟಿ ತಿರುಳಿನ ಮೇಲೆ ರಂಧ್ರಗಳ ಪದರ ಇರುವ ಕಣಗಳ) ಕಾಲಮ್ ಒಳ್ಳೆಯ ನಡುದಾರಿ. ಪೀಕ್ ತೆಳುವಾದಾಗ ಡಿಟೆಕ್ಟರ್‌ನ ಡೇಟಾ ರೇಟ್ ಏರಿಸಿ. ಒಂದು ಪೀಕ್ ಮೇಲೆ ಕನಿಷ್ಠ 20 ಬಿಂದು ಬೀಳಬೇಕು.

ಡ್ವೆಲ್ ವಾಲ್ಯೂಮ್ ಎಂಬ ಅಡಗಿದ ಅಂಕಿ

ಗ್ರೇಡಿಯಂಟ್ ಮೆಥಡ್ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋದಾಗ ಮೊದಲ ಪೀಕ್‌ಗಳು ಸರಿದರೆ ಇದನ್ನೇ ಅನುಮಾನಿಸಿ. ಮಿಶ್ರಣ ಆಗುವ ಜಾಗದಿಂದ ಕಾಲಮ್‌ನ ತಲೆಯ ತನಕ ಇರುವ ವಾಲ್ಯೂಮ್ ಇದು. ನಾಲ್ಕು ದ್ರಾವಕ ಬೆರೆಸುವ ಹಳೆಯ ಕ್ವಾಟರ್ನರಿ ಪಂಪ್‌ಗಳಲ್ಲಿ 1 ಮಿ.ಲೀ. ಇರಬಹುದು, ಹೊಸ ಸಿಸ್ಟಮ್‌ಗಳಲ್ಲಿ ಅದರ ಚಿಕ್ಕ ಪಾಲು. ಅಳೆಯುವುದು ಸುಲಭ. ಕಾಲಮ್ ತೆಗೆದು ಒತ್ತಡಕ್ಕೆ ತೆಳು ಟ್ಯೂಬ್ ಹಾಕಿ. ಎ ನೀರು, ಬಿ ಶೇ. 0.1 ಅಸಿಟೋನ್ ಹಾಕಿದ ನೀರು. 265 ನ್ಯಾನೋಮೀಟರ್‌ನಲ್ಲಿ 10 ನಿಮಿಷದ ಗ್ರೇಡಿಯಂಟ್ ಓಡಿಸಿ. ಸಿಗ್ನಲ್ ಅರ್ಧ ಎತ್ತರ ಮುಟ್ಟಿದ ಸಮಯದಿಂದ 5 ನಿಮಿಷ ಕಳೆದು ಫ್ಲೋನಿಂದ ಗುಣಿಸಿದರೆ ಉತ್ತರ. ಮೆಥಡ್‌ನ ಆರಂಭದಲ್ಲಿ ಸಣ್ಣ ಐಸೋಕ್ರ್ಯಾಟಿಕ್ ಹೋಲ್ಡ್ ಇಟ್ಟರೆ ಮುಂದೆ ಅದನ್ನು ಹೆಚ್ಚುಕಡಿಮೆ ಮಾಡಿ ವ್ಯತ್ಯಾಸ ಸರಿದೂಗಿಸಬಹುದು.

ಗಟ್ಟಿತನ, ನಂತರ ವ್ಯಾಲಿಡೇಷನ್

ರೋಬಸ್ಟ್‌ನೆಸ್ ಪರೀಕ್ಷೆ ವ್ಯಾಲಿಡೇಷನ್‌ನ ಕೊನೆಗಲ್ಲ, ಅದಕ್ಕೂ ಮೊದಲು ಮಾಡಿ. ಪಿಎಚ್ 0.2, ಟೆಂಪರೇಚರ್ 5 ಡಿಗ್ರಿ, ಆರ್ಗ್ಯಾನಿಕ್ ಶೇ. 2, ಫ್ಲೋ ಶೇ. 10 ಆಚೀಚೆ ಮಾಡಿ ನೋಡಿ. ಹಿಡಿಗಳು ಜಾಸ್ತಿ ಇದ್ದರೆ ಪ್ಲ್ಯಾಕೆಟ್-ಬರ್ಮನ್ ವಿನ್ಯಾಸದಲ್ಲಿ (ಹಲವು ಹಿಡಿಗಳನ್ನು ಒಟ್ಟಿಗೆ ಬದಲಿಸಿ ನೋಡುವ ಪ್ರಯೋಗ ಯೋಜನೆಯಲ್ಲಿ) ಕಡಿಮೆ ರನ್‌ಗಳಲ್ಲಿ ಮುಗಿಯುತ್ತದೆ. ಬೇರೆ ಬ್ಯಾಚ್‌ನ ಕಾಲಮ್ ಕನಿಷ್ಠ ಒಂದಾದರೂ ಓಡಿಸಿ. ಎಲ್ಲಿ ರೆಸಲ್ಯೂಷನ್ 1.5ರ ಕೆಳಗೆ ಬೀಳುತ್ತದೋ ಅಲ್ಲಿಂದ ಕೆಲಸದ ಬಿಂದುವನ್ನು ಸ್ವಲ್ಪ ಒಳಕ್ಕೆ ಸರಿಸಿ.

ವ್ಯಾಲಿಡೇಷನ್‌ಗೆ (ಮೆಥಡ್ ನಂಬಬಹುದೆಂದು ಸಾಬೀತು ಮಾಡುವುದಕ್ಕೆ) ಔಷಧ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ ಕ್ಯೂ2 ಮಾರ್ಗಸೂಚಿ ದಾರಿ ತೋರಿಸುತ್ತದೆ. ಅದರ ಪರಿಷ್ಕೃತ ರೂಪವೂ, ಮೆಥಡ್ ಡೆವಲಪ್‌ಮೆಂಟ್ ಬಗ್ಗೆಯೇ ಇರುವ ಕ್ಯೂ14 ಕೂಡ 2023ರಲ್ಲಿ ಬಂದವು. ಲಿನಿಯಾರಿಟಿಗೆ ಕನಿಷ್ಠ 5 ಸಾಂದ್ರತೆ, ಆಕ್ಯುರೆಸಿಗೆ 3 ಮಟ್ಟಗಳಲ್ಲಿ 9 ಅಳತೆ, ರಿಪೀಟಬಿಲಿಟಿಗೆ ಶೇ. 100 ಮಟ್ಟದಲ್ಲಿ 6 ಅಳತೆ. ಡೆವಲಪ್‌ಮೆಂಟ್ ಸರಿಯಾಗಿದ್ದರೆ ಇಲ್ಲಿ ಆಶ್ಚರ್ಯ ಯಾವುದೂ ಕಾದಿರುವುದಿಲ್ಲ.

ಮೆಥಡ್ ಬರೆಯುವಾಗ ಓದುವವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಬಫರ್‌ಗೆ ಎಷ್ಟು ಗ್ರಾಂ ಉಪ್ಪು, ಪಿಎಚ್ ಯಾವುದರಿಂದ ಹೊಂದಿಸಬೇಕು, ಸಮತೋಲನಕ್ಕೆ ಎಷ್ಟು ನಿಮಿಷ, ಡ್ವೆಲ್ ವಾಲ್ಯೂಮ್ ಎಷ್ಟಿತ್ತು ಎಲ್ಲಾ ಇರಲಿ. ಸಿಸ್ಟಮ್ ಸ್ಯೂಟೆಬಿಲಿಟಿಗೆ (ಸಿಸ್ಟಮ್ ಕೆಲಸಕ್ಕೆ ತಕ್ಕ ಹಾಗಿದೆಯೇ ಎಂಬ ಪರೀಕ್ಷೆಗೆ) ಅತಿ ಹತ್ತಿರದ ಜೋಡಿಯನ್ನೇ ಇಡಿ, ಸುಲಭದ ಜೋಡಿಯನ್ನಲ್ಲ. ಆ ಜೋಡಿ ಕೂಡಿಕೊಳ್ಳಲು ಶುರು ಮಾಡಿದರೆ ಮೊದಲು ಏನು ನೋಡಬೇಕು ಎಂಬುದನ್ನೂ ಎರಡು ಸಾಲು ಸೇರಿಸಿ: ಪಿಎಚ್ ಇಳಿದರೆ ಯಾವುದು ಯಾವ ಕಡೆ ಸರಿಯುತ್ತದೆ, ಟೆಂಪರೇಚರ್ ಏರಿದರೆ ಏನಾಗುತ್ತದೆ ಎಂದು. ಆ ಮಾಹಿತಿ ಆಗಲೇ ನಿಮ್ಮ ರೋಬಸ್ಟ್‌ನೆಸ್ ಡೇಟಾದಲ್ಲಿದೆ. ದಿನದ ಕೊನೆಗೆ ಕಾಲಮ್ ತೊಳೆಯುವ ಕ್ರಮವನ್ನೂ ಬರೆಯಿರಿ. ಮೊದಲು ಬಫರ್ ಇಲ್ಲದ, ಅಷ್ಟೇ ಪ್ರಮಾಣದ ನೀರು-ಆರ್ಗ್ಯಾನಿಕ್ ಮಿಶ್ರಣದಲ್ಲಿ ಉಪ್ಪು ಹೊರಹಾಕಿ, ಆಮೇಲೆ ಆರ್ಗ್ಯಾನಿಕ್ ಏರಿಸಿ, ಅದರಲ್ಲೇ ಎರಡೂ ತುದಿ ಮುಚ್ಚಿ ಇಡಬೇಕು.